ಗುಂಡಮ್ಮನ ಎಡಗೈಯ ನರ

ಬೆಳಕು ಹರಿದು ಇಷ್ಟು ಹೊತ್ತಾದರೂ ಅತ್ತೆಯ ಬಾಯಿಂದ ಒಂದು ಬೈಗುಳವೂ ಬಂದಿಲ್ಲವಲ್ಲ... ಶಿವಕಾಂತಮ್ಮ ಒಳಗಿನಿಂದಲೇ ಕಿವಿಗೊಟ್ಟಳು!

ರಾವೂರಿನ ಆ ಕುಲುಮೆ ಮನೆಯಲ್ಲಿ ಸೂರ್ಯನಿಗಿಂತ ಮೊದಲು ಏಳುತ್ತಿದ್ದುದು ಗುಂಡಮ್ಮನ ನಾಲಿಗೆ. ಗಂಡ ಹಣಮಪ್ಪ ಕಲ್ಲಿನ ಗಣಿಯವರ ಉಳಿಗಳನ್ನು ಗುಡ್ಡೆ ಹಾಕಿಕೊಂಡು ಕುಲುಮೆಗೆ ಬೆಂಕಿ ಹಚ್ಚುವಷ್ಟರಲ್ಲಿ ಆಕೆ ಸೊಸೆಯ ತವರುಮನೆ, ಸೊಸೆಯ ನೌಕರಿ, ಸೊಸೆಯ ಬರಿಗೈ ಎಲ್ಲವನ್ನೂ ಒಂದು ಸುತ್ತು ಬೈದು ಮುಗಿಸಿರುತ್ತಿದ್ದಳು. ಶಿವಕಾಂತಮ್ಮ ವಾಡಿಯ ಆಸ್ಪತ್ರೆಯಲ್ಲಿ ನರ್ಸು. ಕೆಲಸದ ಹೊತ್ತಿನಲ್ಲಿ ಕೈಗೆ ಬಳೆ ಇರಬಾರದು ಎಂಬುದು ಅಲ್ಲಿಯ ನೇಮ. ದಿನಾ ಬೆಳಿಗ್ಗೆ ಬಳೆ ತೆಗೆದಿಟ್ಟು ಹೋಗುತ್ತಿದ್ದಳು, ಸಂಜೆ ಬಂದು ತೊಡುತ್ತಿದ್ದಳು. ಗುಂಡಮ್ಮನಿಗೆ ಅಷ್ಟು ಸಾಕಾಗಿತ್ತು. ಮೊಣಕೈ ತನಕ ಹಸಿರು ಬಳೆ ತುಂಬಿಕೊಂಡ ತನ್ನ ಎರಡೂ ಕೈಗಳನ್ನು ಓಣಿಗೆಲ್ಲ ತೋರಿಸಿ, "ಗಂಡ ಗಟ್ಟಿಮುಟ್ಟಾಗಿ ಇರಬೇಕಾದ್ರ ಕೈ ಬೋಳು ಮಾಡ್ಕೊಂಡು ಹೋಗ್ತಾಳ ನೋಡ್ರಿ ನನ್ನ ಸೊಸಿ!" ಎಂದು ಐದು ವರ್ಷದಿಂದ ಹಾಡಿದ್ದೇ ಹಾಡುತ್ತಿದ್ದಳು. ಸೊಸೆ ಮುಟ್ಟಿದ ಕೊಡದ ನೀರು ಕುಡಿಯುತ್ತಿರಲಿಲ್ಲ. ಆಸ್ಪತ್ರೆಯ ಕೈ, ಯಾರ್ಯಾರ ರಕ್ತ ಮುಟ್ಟಿ ಬಂದ ಕೈ ಎಂಬುದು ಆಕೆಯ ವಾದ.

ಹಿಂದಿನ ಸಂಜೆ ಆ ಹಾಡು ಕೊನೆಗೂ ಒಂದು ನಿಲುಗಡೆಗೆ ಬಂದಿತ್ತು. "ನಾಳಿ ಇಕಿ ನೌಕರಿ ಬಿಟ್ಟು ಬಂದ್ರ ನನ್ನ ಸೊಸಿ. ಇಲ್ಲಂದ್ರ ಲಗ್ನ ಮುರದು ಸೋಡಚೀಟಿ ಬರದುಕೊಡು ಪೀರ್ಯಾ, ತವರಿಗೆ ಹೋಗ್ಲಿ!" ಎಂದು ಮಗನಿಗೆ ಕಟ್ಟಪ್ಪಣೆ ಮಾಡಿದಳು. ಪೀರಪ್ಪ ಕೆಟ್ಟವನಲ್ಲ, ಕೆಂಪಗೆ ಕಾದ ಕಬ್ಬಿಣವನ್ನು ಒಂದೇ ಏಟಿಗೆ ಬಗ್ಗಿಸುವ ಗಂಡಸು, ತಾಯಿಯ ಮುಂದೆ ಮಾತ್ರ ತಾನೇ ಬಗ್ಗುತ್ತಿದ್ದ. ಒಂದು ಹಾಳೆ ತಂದು ಹೆಂಡತಿಯ ಮುಂದಿಟ್ಟ. ಅವಳು ರಾಜೀನಾಮೆ ಬರೆಯಲು ಕೂತಳು. ಎರಡು ಸಾಲು ಬರೆಯುವಷ್ಟರಲ್ಲಿ ಕಣ್ಣೀರು ಬಿದ್ದು ಮಸಿ ಹರಡಿತು... ಆ ಹಾಳೆಯನ್ನೇ ಮಡಚಿ ಚೀಲದಲ್ಲಿ ಇಟ್ಟುಕೊಂಡಳು.

ಈಗ ಆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದರೆ, ಫರಸಿಕಲ್ಲಿನ ಹಾಸಿನ ಮೇಲೆ ಕೌದಿ ಹೊದ್ದು ಗುಂಡಮ್ಮ ಇನ್ನೂ ಮಲಗಿದ್ದಾಳೆ!

"ಎಬ್ಬಿಸಬ್ಯಾಡ," ಎಂದ ಪೀರಪ್ಪ ತಗ್ಗಿದ ದನಿಯಲ್ಲಿ. "ಅವ್ವ ಮುನಿಸ್ಕೊಂಡಾಳ. ನಸುಕಿನ್ಯಾಗ ಹೊಟ್ಟಿ ನೋಯಸ್ತದ ಅಂದ್ಲು, ಆಮ್ಯಾಲ ಮಾತೇ ಆಡಿಲ್ಲ. ನೀ ಕಾಗದ ಕೊಟ್ಟು ಬರೂತನಕ ಏಳಂಗಿಲ್ಲ."

ಹಣಮಪ್ಪನೂ ಹಾಗೆಯೇ ತಿಳಿದಿದ್ದ. ಗುಂಡಮ್ಮನ ಮುನಿಸು ಆ ಮನೆಗೆ ಹೊಸದಲ್ಲ. ತಮ್ಮ ಖಂಡಪ್ಪ ಪಂಚಮಿಗೆ ಸೀರೆ ತರಲಿಲ್ಲವೆಂದು ಒಮ್ಮೆ ಮೂರು ದಿನ ಹೀಗೆಯೇ ಕೌದಿ ಎಳೆದುಕೊಂಡು ಬಿದ್ದಿದ್ದಳು. ಅಂಥ ಹೊತ್ತಿನಲ್ಲಿ ಮಾತಾಡಿಸಿದವರ ಗತಿ ಏನೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಅಪ್ಪ ಮಗ ಇಬ್ಬರೂ ದೂರದಿಂದಲೇ ಸುತ್ತಿ ಓಡಾಡುತ್ತಿದ್ದರು. ಶಿವಕಾಂತಮ್ಮ ಮಾತ್ರ ಹೇಳಿಹೋಗೋಣವೆಂದು ಹತ್ತಿರ ಬಗ್ಗಿದಳು. ಬಗ್ಗಿದವಳು ಅಲ್ಲೇ ಮಂಡಿಯೂರಿ ಕೂತಳು. ಅತ್ತೆಯ ರೆಪ್ಪೆಗಳು ಅರ್ಧಕ್ಕೆ ಜೋತುಬಿದ್ದಿದ್ದವು. ಬಾಯಿಯ ಒಂದು ಬದಿಯಿಂದ ಜೊಲ್ಲು ಇಳಿದು ದಿಂಬು ಒದ್ದೆಯಾಗಿತ್ತು.

"ಅತ್ತಿ! ಕಣ್ಣು ತೆರೀರಿ ಅತ್ತಿ!"

ರೆಪ್ಪೆಗಳು ಅಲುಗಿದವು, ಮೇಲೇಳಲಿಲ್ಲ. ಗಂಟಲಲ್ಲಿ ಏನೋ ಗೊರಗುಟ್ಟಿತು. ಅದು ಮುನಿಸಲ್ಲ! ಶಿವಕಾಂತಮ್ಮ ಕೌದಿಯನ್ನು ಸರ್ರನೆ ಎಳೆದಳು. ಅದರ ಮಡಿಕೆಯಿಂದ ಕಪ್ಪು ಮೈಯ, ತೆಳ್ಳನೆ ಬಿಳಿ ಪಟ್ಟೆಗಳ ಒಂದು ಹಾವು ಜಾರಿ, ಫರಸಿಯ ಮೇಲೆ ಹರಿದು, ಕಲ್ಲಿನ ಗುಡ್ಡೆಯೊಳಗೆ ಮಾಯವಾಯಿತು. ಹಣಮಪ್ಪ ಕೈಯಲ್ಲಿದ್ದ ಇಕ್ಕಳ ಬಿಟ್ಟು ಓಡಿಬಂದ. ಕಾಲು ನೋಡಿದರು, ಕೈ ನೋಡಿದರು, ಕಚ್ಚಿದ ಗುರುತು ಕಾಣಲೇ ಇಲ್ಲ. ಆ ಜಾತಿಯ ಹಾವು ಕಚ್ಚಿದರೆ ಬಾವು ಬರುವುದಿಲ್ಲ, ರಕ್ತ ಬರುವುದಿಲ್ಲ. ಮೊದಲು ರೆಪ್ಪೆ ಬೀಳುತ್ತದೆ, ಆಮೇಲೆ ನಾಲಿಗೆ, ಕೊನೆಗೆ ಉಸಿರು. ಅದನ್ನು ಶಿವಕಾಂತಮ್ಮ ಆಸ್ಪತ್ರೆಯಲ್ಲಿ ಎರಡು ಸಲ ಕಣ್ಣಾರೆ ಕಂಡಿದ್ದಳು. ಇಬ್ಬರೂ ಉಳಿದಿರಲಿಲ್ಲ.

ಗುಲ್ಲು ಕೇಳಿ ಪಕ್ಕದ ಓಣಿಯಿಂದ ಖಂಡಪ್ಪ ಓಡಿಬಂದ. "ನಡ್ರಿ, ಸುಲೇಪೇಟಕ್ಕ ಒಯ್ಯೂನು! ಅಲ್ಲಿ ಒಬ್ಬಾಂವ ಮಂತ್ರ ಹಾಕಿ ವಿಷ ಇಳಸ್ತಾನ. ನಮ್ಮ ಅಕ್ಕನ್ನ ಸೂಜಿ ಚುಚ್ಚೋರ ಕೈಯಾಗ ಕೊಡಂಗಿಲ್ಲ!"

"ಸುಲೇಪೇಟ ಮುಟ್ಟೂತನಕ ಅತ್ತಿ ಉಸಿರು ಇರಂಗಿಲ್ಲ ಮಾವಾರ," ಎಂದಳು ಶಿವಕಾಂತಮ್ಮ. ಹೊರಗೆ ಫರಸಿ ಹೇರಿಕೊಂಡ ಲಾರಿಯೊಂದು ವಾಡಿಗೆ ಹೊರಟಿತ್ತು. ಅವಳೇ ಅಡ್ಡ ನಿಂತು ತಡೆದಳು, ಅವಳೇ ಮೊದಲು ಹತ್ತಿದಳು. ಕಲ್ಲಿನ ಮೇಲೆ ಕೂತು ಕಾಲು ಚಾಚಿ, "ಇಲ್ಲಿ ಕೊಡ್ರಿ, ನನ್ನ ತೊಡಿ ಮ್ಯಾಲ ಮಲಗಿಸ್ರಿ!" ಎಂದಳು. ಹಣಮಪ್ಪ ಒಮ್ಮೆ ಹೆಂಡತಿಯ ತಮ್ಮನ ಮುಖ ನೋಡಿದ, ಒಮ್ಮೆ ಸೊಸೆಯ ಮುಖ ನೋಡಿದ. ಆಮೇಲೆ ಹೆಂಡತಿಯನ್ನು ಎತ್ತಿ ಸೊಸೆಯ ತೊಡೆಯ ಮೇಲಿಟ್ಟ.

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಗುಂಡಮ್ಮನ ಎದೆ ಏಳುವುದು ಬೀಳುವುದು ಹೌದೋ ಅಲ್ಲವೋ ಎನ್ನುವಂತಾಗಿತ್ತು. ಡಾಕ್ಟರ್ ಅಮೀರ್ ಅಲಿ ವಯಸ್ಸಾದವರು, ಮಾತು ಕಮ್ಮಿ, ಕೈ ಚುರುಕು. ಗಂಟಲೊಳಗೆ ನಳಿಗೆ ಇಳಿಸಿದರು. ಆಪರೇಶನ್ ಕೋಣೆಯಲ್ಲಿದ್ದ ರಬ್ಬರಿನ ಗಾಳಿಚೀಲವನ್ನು ಅದಕ್ಕೆ ಜೋಡಿಸಿ ಆಯಾ ಆಶಾಬಿಯ ಕೈಗೆ ಕೊಟ್ಟರು. ಅದನ್ನು ಒತ್ತಿದರೆ ಗಾಳಿ ಎದೆಯೊಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ.

"ಈಕಿ ಉಸಿರು ಇನ್ನ ನಿಮ್ಮ ಕೈಯಾಗ ಅದ," ಎಂದರು ಡಾಕ್ಟರ್. "ಒಂದು ದಿನ ಆಗ್ಲಿ, ಮೂರು ದಿನ ಆಗ್ಲಿ, ವಿಷ ಇಳಿಯೂತನಕ ಪಾಳಿ ಹಚ್ಚಿ ಒತ್ತಬೇಕು. ಮತ್ತೊಂದು ಮಾತು. ಕೈಕಾಲು ಅಲುಗಂಗಿಲ್ಲ, ಕಣ್ಣು ತೆರಿಯಂಗಿಲ್ಲ, ಆದ್ರ ಒಳಗ ಎಚ್ಚರ ಇದ್ದಾಳ. ನೀವು ಆಡಿದ್ದೆಲ್ಲಾ ಆಕಿಗಿ ಕೇಳಸ್ತದ. ನೆನಪಿಟ್ಟು ಮಾತಾಡ್ರಿ."

ಇದ್ದ ನಾಲ್ಕು ಸೀಸೆ ಹಾವಿನ ಮದ್ದನ್ನು ಸಲೈನಿಗೆ ಬೆರೆಸಿದ್ದಾಯಿತು. ಆದರೆ ನರ ಸಿಗಬೇಕಲ್ಲ! ದಪ್ಪ ತೋಳು, ರಕ್ತ ಇಳಿದು ನರಗಳೆಲ್ಲ ಒಳಗೆ ಅಡಗಿ ಕೂತಿದ್ದವು. ಬಲಗೈಯ ಮೊಣಕೈ ಮಡಿಕೆಯಲ್ಲಿ ಮೂರು ಸಲ ಚುಚ್ಚಿದರು. ಮೂರೂ ಸಲ ತಪ್ಪಿ ತೋಳು ನೀಲಿಗಟ್ಟಿ ಬಾತಿತು. ಎಡ ಮೊಣಕೈಯ ಮಡಿಕೆಯಲ್ಲೂ ನರ ಬೆರಳಿಗೆ ಹತ್ತಲಿಲ್ಲ. ಇನ್ನು ಉಳಿದದ್ದು ಎಡ ಮುಂಗೈ. ಅಲ್ಲಿ ಮಣಿಕಟ್ಟಿನಿಂದ ಮೊಣಕೈ ತನಕ ಬಿಗಿಯಾಗಿ ಕೂತ ಹಸಿರು ಬಳೆಗಳು. ಹದಿನೈದು ವರ್ಷದ ಹಿಂದೆ ಸಣ್ಣ ಕೈಗೆ ಏರಿದವು ಕೆಲವು, ಈಗ ಸೋಪು ಹಚ್ಚಿದರೂ ಇಳಿಯುವಂತಿರಲಿಲ್ಲ.

"ಒಡೀಬೇಕು," ಎಂದಳು ಶಿವಕಾಂತಮ್ಮ.

"ಏನಂದಿ?" ಖಂಡಪ್ಪ ಹಾರಿಬಿದ್ದ. "ಗಂಡ ಎದುರಿಗಿ ನಿಂತಾನ, ಮುತ್ತೈದಿ ಬಳಿ ಒಡೀತೀಯಾ? ನಮ್ಮ ಭಾವನ ಜೀವ ತಗೀತೀಯಾ? ಐದು ವರ್ಷದ ಸೇಡು ಇವತ್ತು ತೀರಸ್ಕೋಳಾಕತ್ತೀ ನೀ!"

ಪೀರಪ್ಪ ನೆಲ ನೋಡಿದ. ಆಶಾಬಿ ಚೀಲ ಒತ್ತುತ್ತಲೇ "ಯಾ ಅಲ್ಲಾ" ಎಂದಳು. ಆಗ ಹಣಮಪ್ಪ ಮುಂದೆ ಬಂದ. ಮದುವೆಯಾದಾಗಿನಿಂದ ಹೆಂಡತಿಗೆ ಎದುರು ಮಾತಾಡದ ಮನುಷ್ಯ ಅಂದು ಮೊದಲ ಸಲ ದನಿ ಎತ್ತಿದ. "ಖಂಡಪ್ಪಾ, ಸತ್ತವರ ಹೆಂಡರ ಬಳಿ ಒಡೀತಾರ. ನಾ ಇನ್ನೂ ಸತ್ತಿಲ್ಲ. ನನ್ನ ಹೆಂಡತಿ ಬಳಿ, ನಾನೇ ಒಡೀತೀನಿ... ಇಕ್ಕಳ ಕೊಡ್ರಿ!" ಬಳೆಯ ಕೆಳಗೆ ಒದ್ದೆ ಬಟ್ಟೆ ತೂರಿಸಿ, ಚರ್ಮಕ್ಕೆ ಒಂದು ಗೀರೂ ಬೀಳದ ಹಾಗೆ, ಒಂದೊಂದನ್ನೇ ಹಿಡಿದು ಚಿಟಕ್ಕೆಂದು ಮುರಿದ. ಪ್ರತಿ ಸದ್ದಿಗೂ ಅವನ ಕಣ್ಣಿಂದ ಹನಿ ಉದುರುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಮೂವತ್ತೆರಡು ಬಳೆಯ ಚೂರು ಬಟ್ಟಲಿಗೆ ಬಿದ್ದ ಮೇಲೆ ಆ ಕೈ ಯಾರದೋ ಬಡವಿಯ ಕೈಯಂತೆ ಕಂಡಿತು.

ಬಳೆಗಳ ಗೆರೆ ಮೂಡಿದ ಆ ಚರ್ಮದ ಮೇಲೆ ಶಿವಕಾಂತಮ್ಮ ಬೆರಳಾಡಿಸಿದಳು. ಏನೂ ಇಲ್ಲ... ಏನೂ ಇಲ್ಲ... ತಟ್ಟನೆ ಬೆರಳಡಿಯಲ್ಲಿ ಏನೋ ಎದ್ದು, ಮರುಕ್ಷಣ ಅಡಗಿತು. ಮತ್ತೆ ಎದ್ದಿತು, ಮತ್ತೆ ಅಡಗಿತು. ಅವಳು ತಲೆಯೆತ್ತಿ ಆಶಾಬಿಯ ಕೈ ನೋಡಿದಳು. ಚೀಲ ಒತ್ತಿದಾಗ ನರ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು!

"ಆಶಾಬಿ, ಪೂರಾ ಒತ್ತಿ ಒಂದು ಗಳಿಗಿ ಹಾಂಗೇ ಹಿಡಿ... ಹಾಂ, ಹಿಡಿ!" ನರ ಉಬ್ಬಿ ನಿಂತಿತು. ಸೂಜಿ ಇಳಿಯಿತು. ಕೆಂಪು ರಕ್ತ ನಳಿಗೆಯಲ್ಲಿ ಮಿಂಚಿತು. "ಬಿಡು!"

"ಶಾಭಾಸ್ ಬೇಟಿ," ಎಂದರು ಡಾಕ್ಟರ್. ಸೀಸೆಯಿಂದ ಹನಿ ಬೀಳತೊಡಗಿದ್ದನ್ನು ನೋಡುತ್ತ ಎಲ್ಲರಿಗೂ ತಿಳಿಯುವಂತೆ ಹೇಳಿದರು: "ನಾವು ನಾವಾಗೇ ಉಸಿರು ಎಳಕೊಂಡಾಗ ತೋಳಿನ ರಕ್ತ ಎದಿ ಕಡಿ ಆರಾಮಾಗಿ ಹರೀತದ. ಹೊರಗಿಂದ ಗಾಳಿ ನೂಕಿದ್ರ ಎದಿ ಒಳಗ ಬಿಗಿ ಆಗ್ತದ, ರಕ್ತಕ್ಕ ವಾಪಸ್ ಬರಾಕ ಹಾದಿ ಇರಂಗಿಲ್ಲ, ನರ ಉಬ್ಬತಾವ. ಅದಕ್ಕ ಒತ್ತಿದ ಮ್ಯಾಲ ಪೂರಾ ಬಿಡಬೇಕು. ಮದ್ದು ಇಷ್ಟಕ್ಕ ಸಾಲಂಗಿಲ್ಲ. ನಾ ಜೀಪ್ ತಗೊಂಡು ಕಲಬುರಗಿಗಿ ಹೋಗಿ ಬರ್ತೀನಿ. ಶಿವಕಾಂತಮ್ಮಾ, ನಾ ಬರೂತನಕ ಇಲ್ಲಿ ನೀನೇ ಡಾಕ್ಟರ್."

ಜೀಪು ಹೋಯಿತು. ಆಶಾಬಿಯ ಕೈ ಸೋತಿತು. ಹಣಮಪ್ಪ ತಾನಾಗಿ ಬಂದು ಚೀಲ ಹಿಡಿದ. "ನಾ ಒತ್ತೀನವ್ವಾ. ನಲವತ್ತು ವರ್ಷ ಕುಲುಮಿ ತಿದಿ ಒತ್ತಿದ ಕೈ ಇದು, ದಣಿಯಂಗಿಲ್ಲ." ಶಿವಕಾಂತಮ್ಮ ಒತ್ತುವುದು ಹೇಗೆ, ಬಿಡುವುದು ಹೇಗೆ ಎಂದು ಹತ್ತು ಸಲ ತೋರಿಸಿದಳು. ಅವನು ಚೆನ್ನಾಗಿಯೇ ಒತ್ತುತ್ತಿದ್ದ. ಅವಳು ಪಕ್ಕದ ವಾರ್ಡಿನಲ್ಲಿ ಜ್ವರದ ಮಗುವೊಂದಕ್ಕೆ ಮದ್ದು ಕೊಡಲು ಹೋದಳು.

ಅಲ್ಲಿಯೇ ತಪ್ಪಾದದ್ದು. ಕುಲುಮೆಯವನಿಗೆ ಒಂದೇ ಒಂದು ಶಾಸ್ತ್ರ ಗೊತ್ತು: ಬೆಂಕಿಗೆ ಗಾಳಿ ತಪ್ಪಬಾರದು. ಒಂದು ಒತ್ತಿನ ಗಾಳಿ ಸಾಯುವ ಮೊದಲೇ ಇನ್ನೊಂದು ಒತ್ತು ಬೀಳಬೇಕು, ಇಲ್ಲದಿದ್ದರೆ ಕೆಂಡಕ್ಕೆ ಬೂದಿ ಕೂರುತ್ತದೆ, ಕಬ್ಬಿಣ ತಣ್ಣಗಾಗುತ್ತದೆ. ಹೆಂಡತಿಯ ಮುಖ ನೋಡುತ್ತ ನೋಡುತ್ತ ಹಣಮಪ್ಪನಿಗೆ ಭಯ ಹೆಚ್ಚಿತು. ಭಯ ಹೆಚ್ಚಿದ ಹಾಗೆ ಕೈ ತನ್ನ ಹಳೆಯ ಲಯಕ್ಕೆ ಮರಳಿತು. ಬಿಡುವುದೇ ಮರೆತುಹೋಯಿತು. ಒತ್ತಿದ, ಮತ್ತೆ ಒತ್ತಿದ, ಮೇಲಿಂದ ಮೇಲೆ ಒತ್ತಿದ.

"ಮದ್ದು ನಿಂತದ!" ಖಂಡಪ್ಪನ ಕೂಗಿಗೆ ಶಿವಕಾಂತಮ್ಮ ಓಡಿಬಂದಳು. ಸೀಸೆಯ ಹನಿ ನಿಜಕ್ಕೂ ನಿಂತುಬಿಟ್ಟಿತ್ತು. "ನಾ ಮೊದಲೇ ಹೇಳೀನಿ! ಬಳಿ ಒಡದ್ರಿ, ದೇವರಿಗೆ ಸೇರಲಿಲ್ಲ. ಬಿಚ್ಚಿಕೊಡ್ರಿ ನಳಗಿ, ಇನ್ನೂ ಜೀವ ಇದ್ದಾಗೇ ಸುಲೇಪೇಟಕ್ಕ ಒಯ್ತೀನಿ!"

ಸೂಜಿ ಮುಚ್ಚಿಕೊಂಡಿತೇನೋ ಎಂದು ಅವಳು ಮೊದಲು ಕೈ ನೋಡಿದಳು. ನೋಡಿ ಗಾಬರಿಯಾದಳು. ಎಡಗೈಯ ನರಗಳೆಲ್ಲ ದಾರದ ಉಂಡೆ ಬಿಚ್ಚಿದಂತೆ ಎದ್ದು ನಿಂತಿದ್ದವು. ಇಳಿಯುತ್ತಲೇ ಇರಲಿಲ್ಲ! ಕುತ್ತಿಗೆಯ ನರವೂ ಉಬ್ಬಿತ್ತು. ನಾಡಿ ಹಿಡಿದರೆ ಬೆರಳಿಗೆ ಹತ್ತುವುದೇ ಕಷ್ಟ. ತೋಳಿನ ರಕ್ತ ತೋಳಿನಲ್ಲೇ ನಿಂತಿದೆ, ಎದೆಗೆ ಬರಲು ಜಾಗವಿಲ್ಲ, ಬಂದರಲ್ಲವೇ ಎದೆ ಅದನ್ನು ಮೈಗೆ ಕಳಿಸುವುದು! ಅವಳು ಮಾವನ ಕೈ ನೋಡಿದಳು. ಎಲ್ಲ ತಿಳಿಯಿತು.

"ಮಾವ, ಬಿಡ್ರಿ! ಒತ್ತಬ್ಯಾಡ್ರಿ!"

"ಬಿಟ್ರ ಸಾಯ್ತಾಳವ್ವಾ!" ಎಂದು ಹಣಮಪ್ಪ ಇನ್ನೂ ಜೋರಾಗಿ ಒತ್ತಿದ. ಅವನ ಕಣ್ಣು ಮಂಜಾಗಿದ್ದವು, ಕಿವಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಶಿವಕಾಂತಮ್ಮ ಎರಡೂ ಕೈಯಿಂದ ಆ ಕಮ್ಮಾರನ ಬೆರಳುಗಳನ್ನು ಕಿತ್ತಳು. ನಳಿಗೆಯಿಂದ ಚೀಲವನ್ನೇ ಬೇರ್ಪಡಿಸಿದಳು!

ಕೋಣೆಯಲ್ಲಿ ಒಮ್ಮೆಗೇ ಆಕಾಶ ಕಳಚಿಬಿದ್ದಂತಾಯಿತು. "ಕೊಂದ್ಲು! ಕೊಂದ್ಲು!" ಎಂದು ಖಂಡಪ್ಪ ತಲೆ ತಲೆ ಬಡಿದುಕೊಂಡ. ಪೀರಪ್ಪ ಹೆಂಡತಿಯ ರಟ್ಟೆ ಹಿಡಿದು ಜಗ್ಗಿದ. "ನಮ್ಮ ಅವ್ವನ ಉಸಿರು ತಗದ್ಯಾ? ಏನು ಮಾಡ್ದಿ ಶಿವಕಾಂತಿ... ಏನು ಮಾಡ್ದಿ!"

"ನನ್ನ ಕೈ ಬಿಡ್ರಿ. ನಾಕು ಎಣಸ್ರಿ," ಎಂದಳು ಅವಳು. ಗಂಡನ ಕಣ್ಣಲ್ಲಿ ಕಣ್ಣಿಟ್ಟು ಅಷ್ಟು ನೇರವಾಗಿ ಅವಳು ಎಂದೂ ನೋಡಿರಲಿಲ್ಲ. "ನಾಕೇ ನಾಕು. ಆಮ್ಯಾಲ ನನ್ನ ಕಡೀರಿ ಬೇಕಾದ್ರ."

ಗುಂಡಮ್ಮನ ಎದೆಯಿಂದ ಉದ್ದನೆಯ ನಿಟ್ಟುಸಿರಿನಂತೆ ಗಾಳಿ ಹೊರಬಂತು. ಬರುತ್ತಲೇ ಇತ್ತು... ಅಷ್ಟೊಂದು ಗಾಳಿ ಒಳಗಿತ್ತೇ! ಎಡಗೈಯ ನರ ಮೆಲ್ಲಗೆ ಇಳಿಯಿತು. ಸೀಸೆಯಲ್ಲಿ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಶಿವಕಾಂತಮ್ಮ ಚೀಲ ಜೋಡಿಸಿ ಒಮ್ಮೆ ಒತ್ತಿ, ಪೂರ್ತಿ ಬಿಟ್ಟು, ನಾಡಿಯ ಮೇಲೆ ಬೆರಳಿಟ್ಟಳು. ನಾಡಿ ಮರಳಿ ಬಂದಿತ್ತು. ಹಣಮಪ್ಪ ತನ್ನ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತ, "ಈ ಕೈಲೇ ಕೊಲ್ತಿದ್ನಲ್ಲವ್ವಾ..." ಎಂದು ಗೋಡೆಗೊರಗಿ ಕೂತುಬಿಟ್ಟ.

"ಇಲ್ಲ ಮಾವ. ಇದು ಕುಲುಮಿ ಅಲ್ಲ, ಅಷ್ಟೇ. ಏಳ್ರಿ, ನೀವೇ ಒತ್ತಬೇಕು. ನರ ನೋಡಕೋತ ಒತ್ರಿ. ಒತ್ತಿದಾಗ ಏಳ್ತದ, ಬಿಟ್ಟಾಗ ಪೂರಾ ಇಳೀಬೇಕು. ಅದು ಇಳಿಯೂತನಕ ಮತ್ತ ಒತ್ತಬ್ಯಾಡ್ರಿ." ಆಗಿನಿಂದ ಆ ಕುಟುಂಬದವರು ಗುಂಡಮ್ಮನ ಮುಖ ನೋಡುವುದನ್ನು ಬಿಟ್ಟು ಎಡಗೈ ನೋಡತೊಡಗಿದರು. ಪೀರಪ್ಪನೂ ಕಲಿತ. ಸಂಜೆ ಡಾಕ್ಟರು ಮದ್ದು ತಂದರು. ಪಾಳಿಯ ಮೇಲೆ ಪಾಳಿ ಕಳೆದು ಮರುದಿನ ಬೆಳಗಾಯಿತು.

ಬೆಳಗಿನ ಪಾಳಿ ಶಿವಕಾಂತಮ್ಮನದು. ಗಂಡಸರು ಚಹಾ ಕುಡಿಯಲು ಸ್ಟೇಶನ್ ಕಡೆ ಹೋಗಿದ್ದರು. ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. ಈ ಹೆಂಗಸಿಗೆ ಎಲ್ಲಾ ಕೇಳಿಸುತ್ತದೆ, ಒಂದಕ್ಕೂ ಉತ್ತರ ಕೊಡಲಾಗುವುದಿಲ್ಲ ಎಂಬ ಯೋಚನೆ ಅವಳ ತಲೆಯಲ್ಲಿ ಸುಳಿದದ್ದೇ ತಡ, ಐದು ವರ್ಷ ಗಂಟಲಲ್ಲಿ ಕಟ್ಟಿಕೊಂಡದ್ದು ಒಡೆದುಬಂತು.

"ಅತ್ತಿ, ನಿಮಗ ಕೇಳಸ್ತದಂತ. ಕೇಳ್ರಿ. ಇಷ್ಟು ವರ್ಷ ನೀವು ಮಾತಾಡೀರಿ, ನಾ ಕೇಳೀನಿ. ಇವತ್ತು ನಿಮ್ಮ ಪಾಳಿ... ನಾ ಬರಿಗೈಲೆ ಯಾಕ ಹೋಗ್ತಿದ್ದೆ ಅಂತ ಒಂದು ದಿನ ಕೇಳೀರೇನು? ಹೆರಿಗಿ ಹೆಣಮಕ್ಕಳಿಗೆ ನನ್ನ ಬಳಿ ಚುಚ್ಚಬಾರದಂತ ಅತ್ತಿ! ನಾ ದುಡದು ತಂದ ಜ್ವಾಳದ ರೊಟ್ಟಿ ತಿಂದ್ರಿ, ನನ್ನ ಕೈಲೆ ನೀರು ಕುಡೀಲಿಲ್ಲ. ಹೋಗ್ಲಿ. ಅದೂ ಹೋಗ್ಲಿ! ಹೋದ ವರ್ಷ ನನ್ನ ಬಸಿರು ಇಳೀತಲ್ಲ... ಆ ದಿನ ನೀವು ಹೊರಗ ಕುಂತು ಓಣಿ ಹೆಣಮಕ್ಕಳ ಮುಂದ ಏನಂದ್ರಿ? ಆಸ್ಪತ್ರಿ ಹೊಲಸು ಹತ್ತಿ ಕೂಸು ಸತ್ತದ ಅಂದ್ರಿ. ನಾ ಒಳಗ ಹಾಸಿಗಿ ಮ್ಯಾಲ ಬಿದ್ದಿದ್ದೆ ಅತ್ತಿ. ಏಳಾಕ ಬರತಿರಲಿಲ್ಲ, ಬಾಯಿ ತೆರಿಯಾಕ ಬರತಿರಲಿಲ್ಲ... ನನಗೂ ಎಲ್ಲಾ ಕೇಳಸ್ತಿತ್ತು! ನನಗೂ ಕೇಳಸ್ತಿತ್ತು ಅತ್ತಿ!"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಒತ್ತುತ್ತಿದ್ದಳು. ಕಣ್ಣೊರೆಸಿಕೊಂಡು ನೋಡಿದರೆ... ಎಡಗೈಯ ನರ ಉಬ್ಬಿ ನಿಂತಿದೆ. ಸೀಸೆಯ ಹನಿ ಎಳೆದೆಳೆದು ಬೀಳುತ್ತಿದೆ. ಮಾವನ ಕೈ ಭಯದಿಂದ ಮಾಡಿದ್ದನ್ನೇ ಅವಳ ಕೈ ಸಿಟ್ಟಿನಿಂದ ಮಾಡುತ್ತಿತ್ತು! ಒಂದು ಕ್ಷಣ, ಒಂದೇ ಕ್ಷಣ, ಹೀಗೆಯೇ ಒತ್ತುತ್ತ ಹೋದರೆ ಯಾರಿಗೂ ತಿಳಿಯುವುದಿಲ್ಲ ಎಂದೂ ಅನ್ನಿಸಿಬಿಟ್ಟಿತು. ಆಮೇಲೆ ಬೆರಳು ಸಡಿಲಿಸಿದಳು. ಗಾಳಿ ಪೂರ್ತಿ ಹೊರಗೆ ಬರುವ ತನಕ ಕಾದಳು. ನರ ಇಳಿಯಿತು. ಮತ್ತೆ ಮೆಲ್ಲಗೆ ಒತ್ತಿದಳು.

"ಸಿಟ್ಟು ನನಗದ, ಅದಕ್ಕ ನಿಮ್ಮ ಜೀವ ಯಾಕ ತಗೀಬೇಕು," ಎಂದಳು, ಈಗ ಶಾಂತವಾಗಿ. "ಆದ್ರ ಒಂದು ಮಾತು ತಿಳಕೋರಿ. ನೌಕರಿ ನಾ ಬಿಡಂಗಿಲ್ಲ. ರಾಜೀನಾಮೆ ನಿನ್ನೇನೇ ಹರದು ಹಾಕೀನಿ. ನೀವು ಎದ್ದ ಮ್ಯಾಲ ಬೈರಿ, ಸೋಡಚೀಟಿ ಬರಸ್ರಿ, ಬೇಕಾದ್ದು ಮಾಡ್ರಿ. ನಾ ಇಲ್ಲೇ ಕೆಲಸ ಮಾಡಕೋತ ಇರ್ತೀನಿ. ಆದ್ರ ಮೊದಲ ನೀವು ಏಳಬೇಕು. ನಿಮ್ಮನ್ನ ಎಬ್ಬಿಸೂತನಕ ನಾ ಬಿಡಂಗಿಲ್ಲ."

ಗುಂಡಮ್ಮನ ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಶಿವಕಾಂತಮ್ಮ ಒಂದು ಕೈಯಲ್ಲಿ ಚೀಲ ಹಿಡಿದೇ ಇನ್ನೊಂದು ಕೈಯ ಸೆರಗಿನಿಂದ ಅದನ್ನು ಒರೆಸಿದಳು.

ಮೂರನೆಯ ದಿನ ಮಧ್ಯಾಹ್ನ ಹೆಬ್ಬೆರಳು ಅಲುಗಿತು. ಸಂಜೆಗೆ ರೆಪ್ಪೆ ಎದ್ದಿತು. ನಾಲ್ಕನೆಯ ದಿನ ಡಾಕ್ಟರು ನಳಿಗೆ ತೆಗೆದಾಗ ಗುಂಡಮ್ಮ ತನ್ನ ಉಸಿರನ್ನು ತಾನೇ ಎಳೆದುಕೊಂಡಳು. ಹಣಮಪ್ಪ ಆಸ್ಪತ್ರೆಯ ಅಂಗಳದಲ್ಲಿ ಕಂಡಕಂಡವರಿಗೆಲ್ಲ ಸಕ್ಕರೆ ಹಂಚಿದ. ಖಂಡಪ್ಪ ಅಕ್ಕನ ಸೊಸೆಯ ಎದುರು ಬರಲು ನಾಚಿ ಹೊರಗೇ ಅಡ್ಡಾಡಿದ. ಪೀರಪ್ಪ ಹೆಂಡತಿಯ ಹತ್ತಿರ ಬಂದು, ಅಂದು ತಾನು ಜಗ್ಗಿದ ರಟ್ಟೆಯ ಮೇಲೆ ಮೂಡಿದ್ದ ಕಲೆ ನೋಡಿ, "ತಪ್ಪಾತು" ಎಂದ. "ಅವ್ವ ಏನೇ ಅನ್ಲಿ, ಸೋಡಚೀಟಿ ಮಾತು ಇನ್ನ ನನ್ನ ಬಾಯಾಗೂ ಇಲ್ಲ, ಕೈಯಾಗೂ ಇಲ್ಲ." ಅವನ ಮಟ್ಟಿಗೆ ಅದು ದೊಡ್ಡ ಭಾಷಣವೇ.

ಗುಂಡಮ್ಮನ ದನಿ ಐದನೆಯ ದಿನ ಮರಳಿತು, ಒಡೆದ ದನಿ. ಶಿವಕಾಂತಮ್ಮ ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತುತ್ತಿದ್ದಳು.

"ಶಿವಕಾಂತಿ... ನೀ ಅಂದಿದ್ದೆಲ್ಲಾ ಕೇಳೀನಿ."

"ಹೂಂ ರಿ."

"ಆವಾಗ ನಾ ಒಳಗ ಏನು ಅನ್ಕೋಳಾಕತ್ತಿದ್ದೆ, ಗೊತ್ತೇನು ನಿನಗ? ಈಗ ಒತ್ತೂದು ನಿಲ್ಲಸ್ತಾಳ, ಈಗ ನಿಲ್ಲಸ್ತಾಳ ಅಂತ... ಯಾಕಂದ್ರ..." ಗುಂಡಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. "ಯಾಕಂದ್ರ ನಿನ್ನ ಜಾಗಾದಾಗ ನಾ ಇದ್ದಿದ್ರ ನಿಲ್ಲಸ್ತಿದ್ದೆ. ಖರೇ ಹೇಳಾಕತ್ತೀನಿ. ನಾ ನಿಲ್ಲಸ್ತಿದ್ದೆ."

ಇಲ್ಲ ಅತ್ತಿ, ನೀವೂ ಹಾಗೆ ಮಾಡುತ್ತಿರಲಿಲ್ಲ ಎಂದು ಹೇಳಿ ಸಮಾಧಾನ ಮಾಡಬಹುದಿತ್ತು. ಶಿವಕಾಂತಮ್ಮನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಐದು ದಿನದ ಆಯಾಸ ಅವಳನ್ನು ಅಷ್ಟು ಹಗುರ ಮಾಡಿತ್ತು.

"ನನಗೂ ಒಂದು ಗಳಿಗಿ ಹಾಂಗ ಅನಸ್ತು ಅತ್ತಿ. ಆದ್ರ ಮಾಡಲಿಲ್ಲ."

ಗುಂಡಮ್ಮ ತಿರುಗಿ ಅವಳನ್ನು ದಿಟ್ಟಿಸಿದಳು. ಆಮೇಲೆ ಆ ಗಟ್ಟಿಗಿತ್ತಿ, ಊರಿಗೇ ಬೈದು ಬಾಳಿದವಳು, ಬಾಯಿಗೆ ಸೆರಗು ಒತ್ತಿಕೊಂಡು ಹೋ ಎಂದು ಅತ್ತಳು. ಹುಟ್ಟದೆಯೇ ಹೋದ ಮೊಮ್ಮಗುವಿನ ದುಃಖವೋ, ತನ್ನ ಮಾತಿನ ನಾಚಿಕೆಯೋ, ಯಾವುದೆಂದು ಆಕೆಗೇ ತಿಳಿಯಲಿಲ್ಲ. ಶಿವಕಾಂತಮ್ಮ ಆಕೆಯ ತಲೆಯನ್ನು ಎದೆಗೆ ಒರಗಿಸಿಕೊಂಡು ತಾನೂ ಅತ್ತಳು.

ಆರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ಮನೆಗೆ ಹೋಗಲು ಹೇಳಿದರು. ಖಂಡಪ್ಪ ಅಕ್ಕನಿಗಾಗಿ ಬಂಡಿ ಕಟ್ಟಿಸಿಕೊಂಡು ಬಂದು, ಮೆತ್ತಗೆ ಹುಲ್ಲು ಹಾಸಿ, "ನಡಿ ಅಕ್ಕಾ, ಬಿಸಲು ಏರೂದ್ರಾಗ ಊರು ಮುಟ್ಟೂನು" ಎಂದು ಅವಸರ ಮಾಡಿದ. ಗುಂಡಮ್ಮ ಗಂಡನ ತೋಳು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ವರಾಂಡದ ತನಕ ಬಂದವಳು, ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟಳು.

"ಶಿವಕಾಂತಿ ಡ್ಯೂಟಿ ಎಷ್ಟಕ್ಕ ಮುಗೀತದ?"

"ಐದಕ್ಕ," ಎಂದ ಪೀರಪ್ಪ. "ಆಕಿ ಆಮ್ಯಾಲ ಬರ್ತಾಳವ್ವಾ. ನೀ ನಡಿ."

"ಬಂಡಿ ಬಿಚ್ಚಸು ಖಂಡಪ್ಪಾ. ಎತ್ತಿಗಿ ನೀರು ಕುಡಸು," ಎಂದಳು ಗುಂಡಮ್ಮ. ತಮ್ಮ ಏನೋ ಹೇಳಹೋದ. ಹಳೆಯ ಗುಂಡಮ್ಮನ ಕಣ್ಣು ಒಮ್ಮೆ ಅವನತ್ತ ತಿರುಗಿತು. ಅವನು ಸುಮ್ಮನೆ ಹೋಗಿ ಎತ್ತು ಬಿಚ್ಚಿದ.

ಹಗಲೆಲ್ಲ ಆಕೆ ಅಲ್ಲಿಯೇ ಕೂತಿದ್ದಳು. ಗಣಿಯವರು ಬಂದರು, ಬಸುರಿಯರು ಬಂದರು, ಅಳುವ ಮಕ್ಕಳು ಬಂದರು. ಸೊಸೆ ಇತ್ತ ತಿರುಗಿಯೂ ನೋಡದೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಓಡುವುದನ್ನು ಆಕೆ ಮಿಕಿಮಿಕಿ ನೋಡುತ್ತಿದ್ದಳು. ಹಣಮಪ್ಪ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಲ್ಲೇ ತೂಕಡಿಸಿದ. ಐದರ ಮೇಲೆ ಹತ್ತು ನಿಮಿಷವಾದಾಗ ಶಿವಕಾಂತಮ್ಮ ಬೆವರೊರೆಸಿಕೊಳ್ಳುತ್ತ ಹೊರಗೆ ಬಂದಳು. ಬೆಳಿಗ್ಗೆಯೇ ಊರು ಮುಟ್ಟಿರಬೇಕಾದ ಅತ್ತೆ ಬೆಂಚಿನ ಮೇಲೆ!

"ಅತ್ತಿ! ನೀವಿನ್ನೂ ಹೋಗಿಲ್ಲೇನು?"

"ಮುಗೀತೇನು ನಿಂದು?"

"ಇನ್ನೂ ಒಬ್ಬರಿಗಿ ಸೂಜಿ ಹಾಕೂದದ ರಿ..."

"ಹಾಕಿ ಬಾ," ಎಂದಳು ಗುಂಡಮ್ಮ. "ನಾವು ಇಲ್ಲೇ ಇರ್ತೀವಿ."